ಉಜ್ಜಿನಪ್ಪನಿಗೆ ಒಂದು ಬೈಗುಳ

ತೆಲುಗು, ಕನ್ನಡ ಎರಡನ್ನೂ ಆಡುವ ನಮ್ಮ ರಾಯದುರ್ಗದಲ್ಲಿ ದೇಶಭಕ್ತಿ ವರ್ಷಕ್ಕೆ ಎರಡು ಸಲ ಬರುತ್ತದೆ. ಜನವರಿಯಲ್ಲಿ ಒಂದು ಸಲ, ಆಗಸ್ಟಿನಲ್ಲಿ ಒಂದು ಸಲ. ಬಂದಾಗ ಮೈಕಿನಲ್ಲಿ ಕಿವಿ ಹರಿಯುವಂತೆ ಕೂಗುತ್ತದೆ, ಮಕ್ಕಳಿಗೆ ಚಾಕ್ಲೇಟು ಹಂಚುತ್ತದೆ, ಮಧ್ಯಾಹ್ನ ಮನೆಗೆ ಹೋಗಿ ಉಂಡು ಮಲಗುತ್ತದೆ. ಆ ಎರಡು ಬೆಳಗ್ಗೆ ಮಾತ್ರ ಈ ಊರಿಗೆ ಉಜ್ಜಿನಪ್ಪ ಬೇಕಾಗುತ್ತಿದ್ದ. ಕರೆಸಿ, ಕುರ್ಚಿ ಹಾಕಿ, ಶಾಲು ಹೊದಿಸಿ, ಫೋಟೋ ತೆಗೆಸಿಕೊಳ್ಳುತ್ತಿದ್ದರು. ಮಾರನೆಯ ದಿನ ಅವನು ಕುಂಟುತ್ತ ಜೀನ್ಸ್ ಹೊಲಿಯುವ ಯೂನಿಟ್ಟಿಗೆ ಬರುವಾಗ, ಶಾಲು ಹೊದಿಸಿದವನೇ ಬೈಕಿನ ಹಾರ್ನು ಬಾರಿಸಿ ದಾರಿ ಬಿಡಿಸಿಕೊಳ್ಳುತ್ತಿದ್ದ. ಅವನ ಬಲಗಿವಿ ಕೇಳಿಸುವುದಿಲ್ಲ ಅನ್ನುವುದು ಅವನ ಸನ್ಮಾನ ಮಾಡಿದವರಿಗೇ ಗೊತ್ತಿರಲಿಲ್ಲ.

ನಾನು ಅವನನ್ನು ಕಂಡದ್ದು ಎರಡು ಸಾವಿರದ ನಾಲ್ಕರಲ್ಲಿ. ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಆರು ವರ್ಷ ಕಾಲರ್ ಹೊಲಿದು, ಸೂಪರ್‌ವೈಸರನ ಬಾಯಿಗೂ ಬಾಡಿಗೆ ಮನೆಯವಳ ಬಾಯಿಗೂ ಸಾಕಾಗಿ, ಊರಿಗೆ ವಾಪಸ್ಸು ಬಂದು ಜಯಣ್ಣನವರ ಜೀನ್ಸ್ ಯೂನಿಟ್ಟಿನಲ್ಲಿ ಅಂಚು ಹೊಲಿಯುವ ಓವರ್‌ಲಾಕ್ ಮಷೀನಿಗೆ ಕೂತಿದ್ದೆ. ನನ್ನ ಹಿಂದೆಯೇ ಚೆಕ್ಕಿಂಗ್ ಟೇಬಲ್ಲು. ಅಲ್ಲಿ ಉಜ್ಜಿನಪ್ಪ ನಿಂತು, ಹೊಲಿದು ಬಂದ ಪ್ಯಾಂಟುಗಳನ್ನು ತಿರುವಿ ಹಾಕಿ ತಪ್ಪು ಹುಡುಕುತ್ತಿದ್ದ. ಬೇರೆ ಚೆಕ್ಕರುಗಳು ಹೊಲಿಗೆಯನ್ನು ಬೆರಳಿನಲ್ಲಿ ಸವರಿ ನೋಡುತ್ತಾರೆ. ಇವನು ಮುಟ್ಟುತ್ತಲೇ ಇರಲಿಲ್ಲ. ಎರಡು ಮಾರು ದೂರದಿಂದ ಸುಮ್ಮನೆ ಒಂದು ಸಲ ಕಣ್ಣಾಡಿಸಿ, "ಎಡಗಾಲಾಗ ಒಂದು ಹೊಲಿಗಿ ಬಿಟ್ಟೈತಿ," ಅನ್ನುತ್ತಿದ್ದ. ಬಿಟ್ಟೇ ಇರುತ್ತಿತ್ತು. ನನ್ನವೇ ಎಷ್ಟೋ ಪೀಸು ಹಾಗೆ ವಾಪಸ್ಸು ಬಂದು, ಮೊದಮೊದಲು ನನಗೆ ಅವನನ್ನು ಕಂಡರೆ ಮೈ ಉರಿಯುತ್ತಿತ್ತು.

ಈ ಕಣ್ಣು ಅವನಿಗೆ ಬಂದದ್ದು ಕುರಿಯಿಂದ. ಗುಮ್ಮಗಟ್ಟದ ಆಚೆ, ಭೈರವಾನಿತಿಪ್ಪದ ಡ್ಯಾಮಿನ ಹಿನ್ನೀರಿನ ಹತ್ತಿರ ಅವನ ಹಳ್ಳಿ. ಅಪ್ಪ, ಅಜ್ಜ ಎಲ್ಲ ಕುರಿ ಕಾದವರು. ನೆಲ ನೋಡಿ ನಿನ್ನೆ ಯಾವ ಹಿಂಡು ಹೋಯಿತು, ಎಷ್ಟು ಕುರಿ, ಅದರಲ್ಲಿ ಕುಂಟುವುದು ಯಾವುದು ಎಂದು ಹೇಳುವ ಮನೆತನ. ಹತ್ತೊಂಬತ್ತು ತುಂಬಿದಾಗ ಅನಂತಪುರದಲ್ಲಿ ಸೇನೆಗೆ ಆಳು ತೆಗೆದುಕೊಳ್ಳುತ್ತಾರೆಂದು ಯಾರೋ ಹೇಳಿದರು. ಹೋದ, ಓಡಿದ, ಸೇರಿದ. ಎರಡು ವರ್ಷದ ಮೇಲೆ ಕಾಶ್ಮೀರಕ್ಕೆ ಹಾಕಿದರು.

ಊರಿನವರು ಯುದ್ಧ ಅಂದರೆ ಏನೆಂದುಕೊಂಡಿದ್ದಾರೋ ನನಗೆ ತಿಳಿಯದು. ಗುಡ್ಡ ಹತ್ತಿ ಬಾವುಟ ನೆಡುವುದು, ಎದೆಗೆ ಎದೆ ಕೊಡುವುದು, ಸಾಯುವಾಗ ಒಂದು ಉದ್ದದ ಮಾತು ಹೇಳುವುದು. ಉಜ್ಜಿನಪ್ಪನ ಯುದ್ಧದಲ್ಲಿ ಎದುರಿಗೆ ಯಾರೂ ಇರಲಿಲ್ಲ. ಒಂದು ರಸ್ತೆ ಇತ್ತು, ಅಷ್ಟೇ. ದಿನಾ ಬೆಳಕು ಹರಿಯುತ್ತಲೇ ಎಂಟು ಜನ ಆ ರಸ್ತೆಯ ಎರಡು ಬದಿಯಲ್ಲಿ ನಡೆಯಬೇಕು. ಅವರು ನಡೆದು ಸರಿ ಇದೆ ಎಂದ ಮೇಲೆ ಹಿಂದಿನಿಂದ ಗಾಡಿಗಳು ಬರಬೇಕು. ನಡೆಯುವುದೆಂದರೆ ನೆಲ ನೋಡುತ್ತ ನಡೆಯುವುದು. ಮಣ್ಣಿನಲ್ಲಿ, ಮೋರಿಯಲ್ಲಿ, ಹಾಲಿನ ಕ್ಯಾನಿನಲ್ಲಿ, ಎಲ್ಲಿ ಬೇಕಾದರೂ ಬಾಂಬು ಹೂತಿರಬಹುದು. ಹೂತವನು ಆ ಹೊತ್ತಿಗೆ ತನ್ನ ಮನೆಯಲ್ಲಿ ಚಹಾ ಕುಡಿಯುತ್ತಿರುತ್ತಾನೆ. "ಅವನ ಮಾರಿ ನಾ ಒಂದ್ ದಿನಾನೂ ನೋಡಲಿಲ್ಲ ತಂಗಿ," ಎಂದು ಉಜ್ಜಿನಪ್ಪ ಹೇಳುತ್ತಿದ್ದ. "ಕಳ್ಳನಾದ್ರೂ ಮನಿಗೆ ಬರ್ತಾನ. ಇಂವ ಅದಕ್ಕೂ ಬರಂಗಿಲ್ಲ." ಅವನು ಜೋರಾಗಿ ಬೈದದ್ದನ್ನು ನಾನು ಕೇಳಿದ್ದು ಆ ಕಾಣದ ಮನುಷ್ಯನನ್ನು ಮಾತ್ರ.

ಬಾಂಬು ಹುಡುಕಲು ಮಷೀನು ಕೊಟ್ಟಿದ್ದರಂತೆ, ಕಿವಿಗೆ ಹಾಕಿಕೊಂಡು ನೆಲದ ಮೇಲೆ ಆಡಿಸುವುದು. ಅದು ಸೋಡಾ ಬಾಟಲಿಯ ಮುಚ್ಚಳಕ್ಕೂ ಕೂಗುತ್ತಿತ್ತು, ಕುದುರೆ ಲಾಳಕ್ಕೂ ಕೂಗುತ್ತಿತ್ತು. ಹಾಗಾಗಿ ಉಜ್ಜಿನಪ್ಪನನ್ನೇ ಮುಂದೆ ಬಿಟ್ಟರು. ಬಿಸಿಲಿಗೆ ಬಣ್ಣ ಮಾಸದ ಕಲ್ಲು, ಸುತ್ತ ಒಣಗಿದ್ದರೂ ನಡುವೆ ಹಸಿಯಾಗಿರುವ ಮಣ್ಣು, ಬಾಗಬಾರದ ಕಡೆ ಬಾಗಿದ ಹುಲ್ಲು. ಮೂರು ವರ್ಷದಲ್ಲಿ ನಾಲ್ಕು ಬಾಂಬನ್ನು ಬರಿಗಣ್ಣಿನಲ್ಲಿ ಹುಡುಕಿದ. ಅವನಿಗೆ 'ಗಡರಿಯಾ' ಎಂದು ಹೆಸರಿಟ್ಟಿದ್ದರಂತೆ, ಹಿಂದಿಯಲ್ಲಿ ಕುರಿ ಕಾಯುವವನು ಎಂದು ಅರ್ಥ. ಮೊದಲು ಹಂಗಿಸಲು ಇಟ್ಟ ಹೆಸರು, ಆಮೇಲೆ ಮರ್ಯಾದೆಯ ಹೆಸರಾಯಿತು.

ಆ ನಡಿಗೆ ಅವನ ಕಾಲು ಬಿಟ್ಟು ಹೋಗಲೇ ಇಲ್ಲ. ಬಳ್ಳಾರಿ ರಸ್ತೆಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಬಿದ್ದಿದ್ದರೆ ಸುತ್ತಿ ಬರುತ್ತಿದ್ದ. ಮುನಿಸಿಪಾಲಿಟಿಯವರು ಗುಂಡಿ ಮುಚ್ಚಿ ಹೋದರೆ ವಾರಗಟ್ಟಲೆ ಆ ಬೀದಿಗೇ ಹೋಗುತ್ತಿರಲಿಲ್ಲ. ಎತ್ತಿನ ಗಾಡಿ ಹೋದರೆ ಅದರ ಚಕ್ರದ ಗೆರೆಯ ಮೇಲೇ ಹೆಜ್ಜೆಯಿಟ್ಟು ಹೋಗುತ್ತಿದ್ದ. ಚಹಾದಂಗಡಿಯ ಮುಂದೆ ಕೂತ ಪುಂಡರು ಬೇಕೆಂದೇ ಅವನ ದಾರಿಯಲ್ಲಿ ಖಾಲಿ ಡಬ್ಬಿ ಇಟ್ಟು, ಅವನು ನಿಂತುಬಿಡುವುದನ್ನು ನೋಡಿ ನಗುತ್ತಿದ್ದರು. ಮನೆಯ ಹುಳಿಯಲ್ಲಿ ಹಸಿಮೆಣಸಿನಕಾಯಿ ಕಂಡರೆ ಬೆವರುವ ಗಂಡಸರು ಅವರು.

ಇನ್ನು ಅವನು ಸೇನೆ ಬಿಟ್ಟು ಊರಿಗೆ ಬಂದದ್ದಕ್ಕೆ ಕಾರಣವಾದ ಬೆಳಗಿನ ವಿಷಯ. ಅದನ್ನು ಊರು ಹೇಳುವ ರೀತಿಯೇ ಬೇರೆ. ವೈರಿಗಳ ಬಾಂಬನ್ನು ಎದುರಿಸಿ ಗಾಯಗೊಂಡ ವೀರಯೋಧ ಎಂದು ಸನ್ಮಾನಪತ್ರದಲ್ಲಿ ಅಚ್ಚು ಹಾಕಿಸುತ್ತಾರೆ. ಬಾಂಬನ್ನು ಹೇಗಯ್ಯಾ ಎದುರಿಸುತ್ತಾರೆ? ಅದಕ್ಕೆ ಮುಖ ಎಲ್ಲಿದೆ?

ನಡೆದದ್ದನ್ನು ಅವನೇ ನನಗೆ ಹೇಳಿದ, ಒಂದು ದಿನ ಹನ್ನೊಂದರ ಚಹಾದ ಹೊತ್ತಿನಲ್ಲಿ. ಎರಡು ಸಾವಿರದ ಎರಡು, ಏಪ್ರಿಲ್. ಅಲ್ಲಿನ ಕುರಿಗಾರರು ಮೇಲಿನ ಬೆಟ್ಟಕ್ಕೆ ಹಿಂಡು ಹೊಡೆಯುವ ಕಾಲ. ಒಂದು ಮೋರಿಯ ಹತ್ತಿರ ರಸ್ತೆಯ ಅಂಚಿನ ಮಣ್ಣು ಸ್ವಲ್ಪ ಮೆತ್ತಗೆ ಕಂಡಿತು. ಆದರೆ ಅದರ ಮೇಲೆಲ್ಲ ಕುರಿ ಹಿಕ್ಕೆ ಬಿದ್ದಿತ್ತು. ಹಿಂಡು ದಾಟಿ ಹೋಗಿದೆ, ನೂರಾರು ಕಾಲು ತುಳಿದ ಜಾಗ, ಅದಕ್ಕೇ ಮಣ್ಣು ಮೆತ್ತಗಾಗಿದೆ ಎಂದುಕೊಂಡ. ಕುಕ್ಕರುಗಾಲಲ್ಲಿ ಕೂತು ಒಂದು ಹಿಕ್ಕೆ ಕೈಗೆತ್ತಿಕೊಂಡ. ಎದ್ದು, ಸರಿ ಇದೆ ಎಂದು ಕೈ ಬೀಸಿದ. ನಲವತ್ತು ಹೆಜ್ಜೆ ಮುಂದೆ ಹೋಗಿದ್ದಾಗ ಹಿಂದೆ ಹಾಲು, ಬ್ರೆಡ್ಡು ತರುತ್ತಿದ್ದ ಗಾಡಿ ಆ ಹಿಕ್ಕೆಯ ಮೇಲೆ ಬಂತು, ಅಡಿಯಲ್ಲಿದ್ದ ಬಾಂಬು ಸಿಡಿಯಿತು. ಗಾಡಿಯಲ್ಲಿದ್ದವರು ಇಬ್ಬರು, ಡ್ರೈವರು ಮತ್ತು ಅಡುಗೆಯವನು. ಇಬ್ಬರೂ ಉಳಿಯಲಿಲ್ಲ. ಇವನ ಕಿವಿ ಹೋಯಿತು, ಮೀನಖಂಡದಲ್ಲಿ ಕಬ್ಬಿಣದ ಚೂರು ಸೇರಿಕೊಂಡಿತು.

"ಹಿಕ್ಕಿ ನನ್ನ ಕೈಯಾಗಿತ್ತು ತಂಗಿ. ತಿಳೀಬೇಕಿತ್ತು ನಂಗ. ಬ್ಯಾರೆ ಯಾರಿಗೆ ತಿಳೀದಿದ್ರೂ ನಂಗ ತಿಳೀಬೇಕಿತ್ತು," ಅಂದ.

ಏನು ತಿಳಿಯಬೇಕಿತ್ತೋ ನನಗೆ ಗೊತ್ತಾಗಲಿಲ್ಲ. ಹಿಕ್ಕೆ ಅಂದರೆ ಹಿಕ್ಕೆ. ಮಧ್ಯಾಹ್ನದೊಳಗೆ ಮೂರು ಬಂಡಲು ಮುಗಿಸುವ ಅವಸರ ನನ್ನದು. "ಆಗಿದ್ದು ಆಗಿ ಹೋತು ಬಿಡಣ್ಣ, ನಿನ್ನ ತಪ್ಪೇನೈತಿ ಅದ್ರಾಗ," ಎಂದು ಲೋಟ ತೊಳೆಯಲು ಎದ್ದೆ. ಅವನು ನನ್ನ ಮುಖವನ್ನೇ ನೋಡಿದ. ಪ್ಯಾಂಟಿನಲ್ಲಿ ಹೊಲಿಗೆ ಬಿಟ್ಟದ್ದನ್ನು ಹುಡುಕುವಾಗ ಹೇಗೆ ನೋಡುತ್ತಾನೋ ಹಾಗೆ.

ಆಮೇಲೆ ತಿಳಿಯಿತು, ನಾನು ಮೊದಲನೆಯವಳಲ್ಲ. ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದಾಗಲೇ ತನ್ನ ಸಾಹೇಬರಿಗೆ ಹೇಳಿದ್ದ, ತಪ್ಪು ನನ್ನದು ಸಾಬ್ ಎಂದು. ಅವರು ಹೆಗಲು ತಟ್ಟಿ, ಇದು ವೈರಿಯ ಕುತಂತ್ರ, ನೀನು ಧೈರ್ಯವಂತ, ಹೀಗೆಲ್ಲ ಮಾತಾಡಬೇಡ ಅಂದರಂತೆ. ಊರಿಗೆ ಬಂದು ಹೆಂಡತಿ ತಿಪ್ಪಕ್ಕನಿಗೆ ಹೇಳಿದ. ಆಕೆ ಅತ್ತು, ದೇವರು ನನ್ನ ತಾಳಿ ಉಳಿಸಿದ ಎಂದು ಹೋಳಿಗೆ ಮಾಡಿ ಹಾಕಿದಳು. ಕೊನೆಗೆ ಸತ್ತ ಡ್ರೈವರನ ಮನೆಗೆ, ಮಹಾರಾಷ್ಟ್ರಕ್ಕೆ, ತನಗೆ ಬಂದ ಹಿಂದಿಯಲ್ಲಿ ಕಾಗದ ಬರೆದ. ಸರಿ ಇದೆ ಎಂದು ಕೈ ಬೀಸಿದವನು ನಾನೇ ಎಂದು ಸ್ಪಷ್ಟವಾಗಿ ಬರೆದ. ಎರಡು ತಿಂಗಳ ಮೇಲೆ ಡ್ರೈವರನ ಅಣ್ಣನಿಂದ ಉತ್ತರ ಬಂತು. ನಿಮ್ಮಂಥ ದೊಡ್ಡ ಮನಸ್ಸಿನವರು ನಮ್ಮ ತಮ್ಮನ ಜೊತೆಗಿದ್ದರಲ್ಲ, ನಿಮ್ಮದೊಂದು ಫೋಟೋ ಕಳಿಸಿ, ಅವನ ಫೋಟೋದ ಪಕ್ಕದಲ್ಲಿ ಹಾಕುತ್ತೇವೆ ಎಂದು. ಆ ಕಾಗದವನ್ನು ಓದಿದ ದಿನ ಉಜ್ಜಿನಪ್ಪ ಚೆಕ್ಕಿಂಗ್ ಟೇಬಲ್ಲಿಗೆ ಬರಲಿಲ್ಲ.

ಅವನಿಗೆ ಬೇಕಾಗಿದ್ದದ್ದು ಇಷ್ಟೇ, ಒಬ್ಬರಾದರೂ ಅವನನ್ನು ಬೈಯಬೇಕು. ನೀನು ತಪ್ಪು ಮಾಡಿದೆ ಎಂದು ಬಾಯಿಬಿಟ್ಟು ಹೇಳಬೇಕು. ಹುಳಿಗೆ ಉಪ್ಪು ಹೆಚ್ಚಾದರೆ ಹೆಂಡತಿಯ ಮೇಲೆ ತಟ್ಟೆ ಎಸೆಯುವ ಊರು ನಮ್ಮದು. ಬಸ್ಸಿನಲ್ಲಿ ಕಾಲು ತುಳಿದರೆ ಏಳು ತಲೆಮಾರು ಎತ್ತಿ ಆಡುವ ಊರು. ಅಂಥ ಊರಿನಲ್ಲಿ ಇವನಿಗೆ ಹತ್ತು ವರ್ಷ ಒಂದು ಬೈಗುಳ ಸಿಕ್ಕಲಿಲ್ಲ. ಸಿಕ್ಕದ್ದೆಲ್ಲ ಶಾಲು. ಮನೆಯ ಟ್ರಂಕಿನಲ್ಲಿ ಹದಿನೇಳು ಇದ್ದವಂತೆ, ತಿಪ್ಪಕ್ಕ ಅವನ್ನು ದಿಂಬಿಗೆ ತುಂಬಿದ್ದಳು.

ಆಗ ಬಂದ ರಘುನಾಥ್. ಈ ಮಹಾನುಭಾವ ಊರಲ್ಲಿ ಒಂದು ಕೋಚಿಂಗ್ ಸೆಂಟರು ತೆರೆದಿದ್ದ, ಹಳ್ಳಿಯ ಹುಡುಗರನ್ನು ಸೇನೆಗೆ ತಯಾರು ಮಾಡುತ್ತೇನೆಂದು. ತಾನು ಮಾತ್ರ ಸೇನೆಯ ಗೇಟು ಕಂಡವನಲ್ಲ. ಆಯ್ಕೆಗೆ ಹೋಗಿ ಎದೆಯಳತೆಯಲ್ಲೇ ಬಿದ್ದವನು. ಆದರೂ ಹಸಿರು ಚುಕ್ಕೆಯ ಪ್ಯಾಂಟು, ಕಪ್ಪು ಕನ್ನಡಕ, ಹಲೋ ಅನ್ನುವ ಬದಲು ಜೈ ಹಿಂದ್. ಎರಡು ಸಾವಿರದ ಹದಿಮೂರರ ಜನವರಿ ಇಪ್ಪತ್ತಾರಕ್ಕೆ ಜೂನಿಯರ್ ಕಾಲೇಜಿನ ಮೈದಾನದಲ್ಲಿ ದೊಡ್ಡ ಕಾರ್ಯಕ್ರಮ ಇಟ್ಟುಕೊಂಡಿದ್ದ. ಅಪ್ಪ ಅಮ್ಮಂದಿರು ಬರುತ್ತಾರೆ, ಅವರೆದುರಿಗೆ ಉಜ್ಜಿನಪ್ಪ ನೆಲದಲ್ಲಿ ಹೂತ ಬಾಂಬನ್ನು ಕಣ್ಣಲ್ಲೇ ಹುಡುಕಿ ತೋರಿಸಬೇಕು. ಆಟದ ಬಾಂಬು, ಒಂದು ಟಿಫಿನ್ ಡಬ್ಬಿ. ಅದನ್ನು ಕಂಡವರು ಮಕ್ಕಳನ್ನು ಅಲ್ಲೇ ಸೇರಿಸಿ ಹೋಗುತ್ತಾರೆ ಅನ್ನುವುದು ಅವನ ಲೆಕ್ಕಾಚಾರ.

ಯೂನಿಟ್ಟಿಗೇ ಬಂದು ಕೇಳಿದ. "ಏಮಣ್ಣಾ, ದೇಶಕ್ಕೋಸ್ಕರ ಅಷ್ಟು ಮಾಡೀರಿ, ಊರಿಗೋಸ್ಕರ ಇಷ್ಟು ಮಾಡ್ರಿ. ಲಾಸ್ಟಿಗೆ ಮೈಕ್ ಕೊಡ್ತೀನಿ, ಎರಡು ಮಾತಾಡ್ರಿ."

ಉಜ್ಜಿನಪ್ಪ ಒಪ್ಪುವುದಿಲ್ಲ ಎಂದೇ ನಾನು ಅಂದುಕೊಂಡಿದ್ದೆ. ಮೈಕು ಅಂದ ಕೂಡಲೇ ಒಪ್ಪಿಬಿಟ್ಟ. ರಘುನಾಥ್ ಹೋದ ಮೇಲೆ ನಾನು ಸಿಟ್ಟಿನಿಂದ ಕೇಳಿದೆ, "ಯಾಕಣ್ಣ ಆ ಬಫೂನಿನ ಜೋಡಿ ಕುಣೀಲಿಕ್ಕೆ ಹೊಂಟಿ?"

"ಐನೂರು ಮಂದಿ ಬರ್ತಾರಂತ ತಂಗಿ. ಅಷ್ಟು ಮಂದ್ಯಾಗ ಒಬ್ಬರರ ಬೈದೇ ಬೈತಾರ."

ಆ ದಿನ ಯೂನಿಟ್ಟಿಗೆ ರಜೆ. ನಾನೂ ಹೋದೆ, ತಿಪ್ಪಕ್ಕನ ಪಕ್ಕದಲ್ಲಿ ಕೂತೆ. ರಘುನಾಥನ ಭಾಷಣ ತೆಲುಗಿನಲ್ಲಿ ಅರ್ಧ ಗಂಟೆ, ಕನ್ನಡದಲ್ಲಿ ಅರ್ಧ ಗಂಟೆ. ಎರಡರಲ್ಲೂ ಏನೂ ಇರಲಿಲ್ಲ. ಆಮೇಲೆ ಉಜ್ಜಿನಪ್ಪನನ್ನು ಮೈದಾನಕ್ಕೆ ಇಳಿಸಿದರು. ಸ್ಪೀಕರಿನಲ್ಲಿ ಡೋಲು ಬಾರಿಸುವ ಸದ್ದು ಹಾಕಿದರು. ಅವನು ನಾಲ್ಕು ಹೆಜ್ಜೆ ನಡೆದು ನಿಂತ. ಡಬ್ಬಿ ಹೂತು ಮಣ್ಣು ಮುಚ್ಚಿದ ರಘುನಾಥ್ ಅದರ ಮೇಲೆ ತನ್ನ ಹೊಸ ಬೂಟಿನಲ್ಲೇ ತುಳಿದು ಸಮ ಮಾಡಿದ್ದ, ಬೂಟಿನ ಅಡಿಯ ಅಚ್ಚು ಎಲ್ಲ ಹಾಗೇ ಇತ್ತು. ಕುರುಡನೂ ಕಾಲಲ್ಲಿ ತಡಕಿ ಹೇಳುತ್ತಿದ್ದ. ಉಜ್ಜಿನಪ್ಪ ಬೆರಳು ತೋರಿಸಿದ, ಡಬ್ಬಿ ತೆಗೆದರು, ಜನ ಹುಚ್ಚೆದ್ದು ಕೂಗಿದರು.

ಮೈಕು ಕೈಗೆ ಬಂತು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಇದು ಆಟ," ಅಂದ. "ಖರೇ ಬಾಂಬು ನಾ ಒಂದು ಹಿಡೀದ ಬಿಟ್ಟೀನಿ. ಅದ್ರ ಮ್ಯಾಲೆ ಕುರಿ ಹಿಕ್ಕಿ ಚೆಲ್ಲಿದ್ರು. ನಾ ಕೈಯಾಗ ಹಿಡದು ನೋಡಿ, ಸರಿ ಐತಿ ಅಂತ ಕೈ ಬೀಸಿದೆ. ನನ್ನ ಕೈ ನಂಬಿ ಗಾಡಿ ಬಂತು. ಎರಡು ಜೀವ ಹೋದ್ವು. ವೈರಿ ಹೂತಿದ್ದ, ಖರೆ. ಆದ್ರ ಬರ್ರಿ ಅಂತ ಕರದಾಂವ ನಾನು. ನೀವು ನಂಗ ಶಾಲು ಹೊದಿಸಬ್ಯಾಡ್ರಿ. ಏನನ್ನಬೇಕೋ ಅದನ್ನ ಅನ್ರಿ."

ತಿಪ್ಪಕ್ಕ ನನ್ನ ಕೈ ಗಟ್ಟಿಯಾಗಿ ಹಿಡಿದಳು. ಈಗ ಯಾರಾದರೂ ಎದ್ದು ನಿಲ್ಲುತ್ತಾರೆ ಎಂದು ನನಗೂ ಅನ್ನಿಸಿತು. ಅಷ್ಟರಲ್ಲಿ ಮೂಲೆಯಿಂದ ಒಬ್ಬ ಚಪ್ಪಾಳೆ ತಟ್ಟಿದ. ಇನ್ನೊಬ್ಬ ತಟ್ಟಿದ. ಮತ್ತೆ ಇಡೀ ಮೈದಾನ. ರಘುನಾಥ್ ಓಡಿ ಬಂದು ಮೈಕು ಕಿತ್ತುಕೊಂಡು, "ಚೂಡಂಡಿ, ನೋಡ್ರಿ! ಎಂಥ ವಿನಯ! ಇದೇ ಸೈನಿಕನ ಮನಸ್ಸು!" ಎಂದು ಕಿರುಚಿದ. ಜೈ ಅಂದರು. ಶಾಲು ಬಂತು, ಅದರ ಮೇಲೆ ಹಾರ ಬಿತ್ತು. ಮುಂದಿನ ಸಾಲಿನಲ್ಲಿ ಕೂತಿದ್ದ ಮೇಷ್ಟರೊಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಕಿವಿ ಕೆಟ್ಟದ್ದು ಉಜ್ಜಿನಪ್ಪನದಲ್ಲ, ಇವರದು. ನನಗೆ ಆ ಐನೂರು ಜನರನ್ನು ಒಬ್ಬೊಬ್ಬರನ್ನಾಗಿ ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು. ನೋಡಿದರೆ ನನ್ನ ಕೈಯೂ ಚಪ್ಪಾಳೆ ತಟ್ಟುತ್ತಿತ್ತು. ಸುಳ್ಳು ಯಾಕೆ ಹೇಳಲಿ, ತಟ್ಟಿದೆ. ಎಲ್ಲರೂ ತಟ್ಟುವಾಗ ಸುಮ್ಮನೆ ಕೂರುವುದು ಹೇಗೆಂದು ತಿಳಿಯಲಿಲ್ಲ. ಬೇರೆಯವರನ್ನು ಇಷ್ಟೆಲ್ಲ ಹೀಗಳೆಯುವ ನನ್ನ ಯೋಗ್ಯತೆ ಅಷ್ಟೇ.

ಉಜ್ಜಿನಪ್ಪ ಹಾರ ಹಾಕಿಕೊಂಡೇ ವೇದಿಕೆಯ ಮೆಟ್ಟಿಲಿಳಿದ. ಅಷ್ಟು ಸೋತ ಮುಖವನ್ನು ನಾನು ಗಾರ್ಮೆಂಟ್ಸಿನಲ್ಲೂ ಕಂಡಿರಲಿಲ್ಲ. ನಾನೂ ತಿಪ್ಪಕ್ಕನೂ ಅವನ ಹತ್ತಿರ ಹೋಗುವ ಹೊತ್ತಿಗೆ ಒಬ್ಬ ಮುದುಕಿ ಅವನನ್ನು ಅಡ್ಡಗಟ್ಟಿ ನಿಂತಿದ್ದಳು. ಬೆಳುಗುಪ್ಪದ ಕಡೆಯವಳು, ಹೆಸರು ಮೈಲಾರಮ್ಮ ಎಂದು ಆಮೇಲೆ ತಿಳಿಯಿತು. ಮೊಮ್ಮಗನನ್ನು ಕೋಚಿಂಗಿಗೆ ಸೇರಿಸಲು ಬಂದಿದ್ದಳು. ಎಪ್ಪತ್ತು ದಾಟಿದ ವಯಸ್ಸು, ಬಿಸಿಲಲ್ಲಿ ಕುರಿಯ ಹಿಂದೆ ತಿರುಗಿ ಸುಟ್ಟ ಮೈ.

"ಹಿಕ್ಕಿ ಕೈಯಾಗ ಹಿಡದಿದ್ದೆ ಅಂದ್ಯಲ್ಲ," ಎಂದು ಕೇಳಿದಳು. "ದುಂಡಗಿತ್ತೋ, ಒಡದಿತ್ತೋ?"

ಉಜ್ಜಿನಪ್ಪ ಕೇಳುವ ಕಿವಿಯನ್ನು ಅವಳ ಕಡೆ ತಿರುಗಿಸಿದ. "ಒಡದಿತ್ತು ಯವ್ವ."

"ಒಂದಕ್ಕೊಂದು ಅಂಟಿತ್ತೋ?"

"ಅಂಟಿತ್ತು."

"ಉಚ್ಚಿ ವಾಸನಿ?"

"ಇತ್ತು ಯವ್ವ. ಮೂಗಿಗೆ ಹಿಡದೆ. ನಮ್ಮ ಕುರಿ ರೊಪ್ಪದ ವಾಸನಿ ಬಂತು. ಹದಿನಾಕು ತಿಂಗಳಾಗಿತ್ತು ಊರು ಬಿಟ್ಟು. ಅಪ್ಪ, ನಾಯಿ, ಕುರಿಮರಿ ಎಲ್ಲಾ ನೆಪ್ಪಾದ್ವು. ಹಂಗೇ ಒಂದೀಟು ಹೊತ್ತು ಕುಂತೆ. ಆಮ್ಯಾಲೆ ಎದ್ದು ಕೈ ಬೀಸಿದೆ."

ಮುದುಕಿಯ ಮುಖ ಕೆಂಪಾಯಿತು. "ಥೂ ನಿನ್ನ!" ಅಂದಳು, ಸುತ್ತಲಿದ್ದವರು ತಿರುಗಿ ನೋಡುವಷ್ಟು ಜೋರಾಗಿ. "ಕುರಿ ಕಾಯೋರ ಹೊಟ್ಟ್ಯಾಗ ಹುಟ್ಟೀಯೇನಲೇ? ದಾರ್ಯಾಗ ನಡಕೊಂತ ಹೋಗೋ ಕುರಿ ದುಂಡ ದುಂಡಗ ಉದುರಿಸಿಕೊಂತ ಹೋಗತಾವ. ಒಡದು, ತುಳದು, ಉಚ್ಚ್ಯಾಗ ಅಂಟಿಕೊಂಡಿದ್ದು ಅಂದ್ರ ರಾತ್ರಿಯೆಲ್ಲ ಕೂಡಿ ಹಾಕಿದ ರೊಪ್ಪದ್ದು. ಯಾರೋ ಚೀಲದಾಗ ತಂದು ಚೆಲ್ಯಾರ ಅಂತ ನಮ್ಮ ಹಟ್ಟಿಯ ಐದು ವರ್ಷದ ಕೂಸು ಹೇಳ್ತೈತಿ. ನಿಂಗ ಗೊತ್ತಿತ್ತು. ಗೊತ್ತಿದ್ದೂ ವಾಸನಿ ಹಿಡಕೊಂತ ಕುಂತಿ. ಎರಡು ಜೀವ ತಿಂದ್ಯಲ್ಲೋ ನಿನ್ನ ವಾಸನಿಗೆ!"

ಎಷ್ಟೋ ವರ್ಷದ ಹಿಂದೆ ಅವನು ಚಹಾದ ಲೋಟ ಹಿಡಿದು ನನಗೆ ಹೇಳಲು ನೋಡಿದ್ದು ಏನೆಂದು ಆಗ ನನಗೆ ಗೊತ್ತಾಯಿತು. ಐನೂರು ಜನರಿಗೆ ಅವನ ತಪ್ಪು ತಪ್ಪಾಗಿ ಕಾಣಲೇ ಇಲ್ಲ. ಕಾಣುವುದಕ್ಕೂ ಒಂದು ಯೋಗ್ಯತೆ ಬೇಕು, ಅದು ಆ ಮೈದಾನದಲ್ಲಿ ಈ ಮುದುಕಿಗೆ ಮಾತ್ರ ಇತ್ತು.

ರಘುನಾಥ್ ಗಾಬರಿಯಿಂದ ಬಂದು, "ಏಯ್ ಅವ್ವಾ, ಯಾರ್ ಜೋಡಿ ಮಾತಾಡ್ತಿದ್ದಿ ಗೊತ್ತೇನು? ನಡೀ ಆಚಿಗೆ," ಎಂದು ಅವಳ ತೋಳಿಗೆ ಕೈ ಹಾಕಿದ. ಉಜ್ಜಿನಪ್ಪ ಆ ಕೈಯನ್ನು ತೆಗೆದುಹಾಕಿದ. ಅವನು ಅಷ್ಟು ಗಡುಸಾಗಿ ಯಾರನ್ನೂ ಮುಟ್ಟಿದ್ದನ್ನು ನಾನು ನೋಡಿರಲಿಲ್ಲ.

"ಬೈಲಿ ಬಿಡ್ರಿ," ಅಂದ. ಆಮೇಲೆ ಅವಳ ಕಡೆ ತಿರುಗಿ, "ಹೌದು ಯವ್ವ. ಗೊತ್ತಿತ್ತು ನಂಗ," ಅಂದ.

ಹಾರ ತೆಗೆದು ವೇದಿಕೆಯ ಮೆಟ್ಟಿಲ ಮೇಲಿಟ್ಟು ಅಲ್ಲೇ ಕೂತ. ಕೂತು ಅತ್ತ. ಚಿಕ್ಕ ಹುಡುಗರು ಅಳುವ ಹಾಗೆ ಮೂಗು, ಬಾಯಿ ಎಲ್ಲ ಒದ್ದೆಯಾಗಿ ಅತ್ತ. ತಿಪ್ಪಕ್ಕ ಹತ್ತಿರ ಹೋಗಲು ನೋಡಿದಳು, ನಾನು ಬಿಡಲಿಲ್ಲ. ಮೈಲಾರಮ್ಮ ಇನ್ನೂ ಬೈಯುತ್ತಲೇ ಇದ್ದಳು, ಆದರೆ ದನಿ ಇಳಿಯುತ್ತ ಬಂತು. ಕೊನೆಗೆ ಮಂಡಿ ಹಿಡಿದುಕೊಂಡು ಅವನ ಪಕ್ಕದಲ್ಲಿ, ಅದೇ ಮೆಟ್ಟಿಲ ಮೇಲೆ ಕೂತಳು.

"ಸತ್ತಾರಲ್ಲ," ಅಂದಳು, "ಅವರ ಹೆಸರೇನು?"

"ಡ್ರೈವರು ಸಂಭಾಜಿ ಶಿಂಧೆ. ಅಡಿಗಿಯಾಂವ ಕುಟ್ಟನ್. ಕೇರಳದಾಂವ."

ಮುದುಕಿ ಆ ಎರಡು ಹೆಸರನ್ನೂ ತನ್ನ ನಾಲಿಗೆಗೆ ಬಂದ ಹಾಗೆ ಒಂದೊಂದು ಸಲ ಹೇಳಿದಳು. ಒಂಬತ್ತು ವರ್ಷ ಅವನ ಟೇಬಲ್ಲಿನ ಮುಂದೆ ಕೂತು ದಿನಾ ಚಹಾ ಕುಡಿದ ನಾನು ಆ ಹೆಸರುಗಳನ್ನು ಕೇಳಿದ್ದು ಅದೇ ಮೊದಲು. ನಾನು ಯಾವತ್ತೂ ಕೇಳಿರಲಿಲ್ಲ.